ನೀರೋನ ಮೇಷ್ಟ್ರು

ಕೋಪ ಗೆಲ್ಲುವುದು ಹೇಗೆ ಎಂದು ಮೂರು ಭಾಗಗಳ ಪುಸ್ತಕ ಬರೆದವನಿಗೆ ಪಾಠ ಹೇಳಲು ಸಿಕ್ಕ ಹುಡುಗ ಯಾರು ಗೊತ್ತೇ? ನೀರೋ! ರೋಮ್ ಹೊತ್ತಿ ಉರಿಯುವಾಗ ಪಿಟೀಲು ಬಾರಿಸುತ್ತಿದ್ದ ಎಂದು ನಾವೆಲ್ಲ ಕೇಳಿರುವ ಅದೇ ನೀರೋ. (ಆ ಕಾಲದಲ್ಲಿ ಪಿಟೀಲೇ ಇರಲಿಲ್ಲ, ಅದು ಬೇರೆ ಮಾತು.) ಮೇಷ್ಟ್ರ ಹೆಸರು ಸೆನೆಕಾ.

ಹುಟ್ಟಿದ್ದು ಕ್ರಿ.ಪೂ. 4ರ ಆಸುಪಾಸಿನಲ್ಲಿ, ಇಂದಿನ ಸ್ಪೇನಿನ ಕೊರ್ಡೋಬಾದಲ್ಲಿ. ಬೆಳೆದದ್ದು ರೋಮ್‌ನಲ್ಲಿ. ಉಸಿರಾಟದ ಕಾಯಿಲೆ ಬಹಳ ಕಾಡಿತ್ತು. ಯೌವನದಲ್ಲಿ ಬೇಸತ್ತು ಸಾಯಲು ಯೋಚಿಸಿದವನನ್ನು ತಡೆದದ್ದು ಮುದಿ ಅಪ್ಪನ ನೆನಪು. ಸ್ಟೋಯಿಕ್ ಪಂಥದ ಗುರುಗಳ ಬಳಿ ಕಲಿತ. ಕೋಪ, ಭಯ, ಮೋಹ ಇವೆಲ್ಲ ಮನಸ್ಸಿನ ರೋಗಗಳು, ವಿವೇಕದಿಂದ ಅವನ್ನು ಬುಡಸಮೇತ ಕೀಳಬೇಕು ಎನ್ನುವ ಪಂಥ ಅದು. ಸೆನೆಕಾ ದಿನಾ ರಾತ್ರಿ ದೀಪ ಆರಿದ ಮೇಲೆ, ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಬೆಳಗಿನಿಂದ ತಾನು ಎಲ್ಲೆಲ್ಲಿ ತಪ್ಪಿದೆ ಎಂದು ತನ್ನನ್ನೇ ವಿಚಾರಣೆ ಮಾಡಿಕೊಳ್ಳುತ್ತಿದ್ದ.

ಕ್ರಿ.ಶ. 41ರಲ್ಲಿ ರಾಜಮನೆತನದ ಹೆಣ್ಣಿನೊಂದಿಗೆ ಸಂಬಂಧವಿದೆ ಎಂಬ ಆರೋಪ ಹೊರಿಸಿ ಚಕ್ರವರ್ತಿ ಕ್ಲಾಡಿಯಸ್ ಅವನನ್ನು ಕಾರ್ಸಿಕಾ ದ್ವೀಪಕ್ಕೆ ಗಡಿಪಾರು ಮಾಡಿದ. ಎಂಟು ವರ್ಷ! ಅಲ್ಲಿಂದ ಆಸ್ಥಾನದ ಒಬ್ಬ ಅಧಿಕಾರಿಯನ್ನೂ ಚಕ್ರವರ್ತಿಯನ್ನೂ ಹಾಡಿಹೊಗಳಿ ಬರೆದದ್ದೂ ಉಂಟು. ಓದಿದರೆ ಮುಜುಗರವಾಗುತ್ತದೆ. ಕೊನೆಗೆ 49ರಲ್ಲಿ ರಾಣಿ ಅಗ್ರಿಪ್ಪಿನಾ ಕರೆಸಿಕೊಂಡು ಹನ್ನೊಂದು-ಹನ್ನೆರಡರ ಮಗನನ್ನು ಒಪ್ಪಿಸಿದಳು.

54ರಲ್ಲಿ ಆ ಹುಡುಗ ಚಕ್ರವರ್ತಿಯಾದ. ಸೆನೆಕಾ ಮತ್ತು ಸೇನಾಧಿಕಾರಿ ಬರ‍್ರಸ್ ಸೇರಿ ಕೆಲವು ವರ್ಷ ರಾಜ್ಯವನ್ನು ಚೆನ್ನಾಗಿಯೇ ನಡೆಸಿದರು. ಆದರೆ 55ರಲ್ಲೇ ನೀರೋನ ಮಲತಮ್ಮ ಊಟದ ಮೇಜಿನಲ್ಲಿ ಸತ್ತ. ವಿಷ ಹಾಕಿದ್ದು ಯಾರೆಂದು ಎಲ್ಲರೂ ಊಹಿಸಿದರು. ಸೆನೆಕಾ ದಯೆಯ ಬಗ್ಗೆ ಒಂದು ಗ್ರಂಥ ಬರೆದು ಶಿಷ್ಯನಿಗೆ ಅರ್ಪಿಸಿದ. 59ರಲ್ಲಿ ನೀರೋ ಹೆತ್ತ ತಾಯಿಯನ್ನೇ ಕೊಲ್ಲಿಸಿದಾಗ, ಅದನ್ನು ಸಮರ್ಥಿಸಿ ಸೆನೆಟ್‌ಗೆ ಹೋದ ಪತ್ರ ಬರೆದುಕೊಟ್ಟವನೂ ಸೆನೆಕಾನೇ. ಅಷ್ಟರಲ್ಲಿ ಅವನ ಆಸ್ತಿ ಮೂವತ್ತು ಕೋಟಿ ಸೆಸ್ಟರ್ಸ್ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

ಕಪಟಿ ಎಂದು ಬೈದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅವನ ನಾಟಕಗಳನ್ನು ನೋಡಿ. ಅಲ್ಲಿ ವಿವೇಕ ಸೋಲುತ್ತಲೇ ಹೋಗುತ್ತದೆ. ಮಲಮಗನನ್ನು ಮೋಹಿಸಿದ ಫೀಡ್ರಾಳಿಗೆ ದಾದಿ ಬುದ್ಧಿ ಹೇಳುತ್ತಾಳೆ. ನೀನು ಹೇಳುವುದೆಲ್ಲ ಸರಿ ಎಂದು ಒಪ್ಪಿಕೊಂಡೇ ಫೀಡ್ರಾ ತಪ್ಪು ದಾರಿ ಹಿಡಿಯುತ್ತಾಳೆ. ಗಂಡನ ಮೇಲಿನ ಸೇಡಿಗೆ ಮೆಡಿಯಾ ತನ್ನ ಮಕ್ಕಳನ್ನೇ ಕೊಲ್ಲುತ್ತಾಳೆ, ಕೈ ಎತ್ತುವ ಮುಂಚೆ ಎಷ್ಟೋ ಹೊತ್ತು ತನ್ನೊಳಗೇ ಜಗಳವಾಡಿ. ಕೋಪದ ಮೇಲೆ ಪುಸ್ತಕ ಬರೆದವನಿಗೆ ಅದರ ಬಲ ಎಷ್ಟೆಂದೂ ಗೊತ್ತಿತ್ತು. ಗೊತ್ತಿದ್ದೂ ಅರಮನೆಯಲ್ಲಿ ಉಳಿದ. ನನಗೆ ಕಾಡುವುದು ಇದೇ.

62ರಲ್ಲಿ ಬರ‍್ರಸ್ ಸತ್ತ ಮೇಲೆ ಸೆನೆಕಾ, ಕೊಟ್ಟಿದ್ದೆಲ್ಲ ವಾಪಸ್ ತೆಗೆದುಕೊಂಡು ನನ್ನನ್ನು ಬಿಟ್ಟುಬಿಡು ಎಂದು ಬೇಡಿಕೊಂಡ. ನೀರೋ ತಬ್ಬಿಕೊಂಡು ಮುತ್ತಿಟ್ಟು, ಇಲ್ಲವೆಂದ. ಸೆನೆಕಾ ಕಾಯಿಲೆಯ ನೆಪ ಹೇಳಿ ಮನೆ ಸೇರಿದ. ಗೆಳೆಯ ಲುಸಿಲಿಯಸ್‌ಗೆ ಪತ್ರಗಳನ್ನು ಬರೆಯುತ್ತಾ ಕಾಲ ಕಳೆದ. ಅವುಗಳಲ್ಲಿ 124 ಇಂದಿಗೂ ಉಳಿದಿವೆ.

65ರಲ್ಲಿ ನೀರೋ ವಿರುದ್ಧದ ಸಂಚೊಂದು ಬಯಲಾಯಿತು. ಮೇಷ್ಟ್ರಿಗೂ ಸಾಯುವ ಆಜ್ಞೆ ಬಂತು. ನರ ಕೊಯ್ದುಕೊಂಡರೂ ಮುದಿ ದೇಹದಿಂದ ರಕ್ತ ನಿಧಾನವಾಗಿ ಹರಿಯಿತು, ವಿಷವೂ ಕೆಲಸ ಮಾಡಲಿಲ್ಲ. ಕೊನೆಗೆ ಸ್ನಾನಗೃಹದ ಬಿಸಿ ಹಬೆಯಲ್ಲಿ ಉಸಿರುಕಟ್ಟಿ ಸತ್ತ. ಜೊತೆಗೇ ಸಾಯಲು ಹೊರಟಿದ್ದ ಹೆಂಡತಿ ಪಾಲಿನಾಳ ಕೈಗಳಿಗೆ, ನೀರೋನ ಅಪ್ಪಣೆಯಂತೆ ಪಟ್ಟಿ ಕಟ್ಟಿ ಉಳಿಸಿದರು. ಅವಳು ಇನ್ನೂ ಕೆಲವು ವರ್ಷ ಬದುಕಿದಳು. ಅವಳ ಮುಖದ ಬಿಳಚು ಮಾತ್ರ ಹೋಗಲಿಲ್ಲವೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ.