ಥಾಮಸ್ ಕ್ರ್ಯಾನ್ಮರ್: ಪಾಪನಿವೇದನೆಯನ್ನು ಸಭೆಯ ಬಾಯಿಗೆ ತಂದವನು

1552ರಲ್ಲಿ ಇಂಗ್ಲೆಂಡಿನ ಚರ್ಚುಗಳಲ್ಲಿ ಬಳಕೆಗೆ ಬಂದ ಪ್ರಾರ್ಥನಾ ಗ್ರಂಥದ ಎರಡನೆಯ ರೂಪದಲ್ಲಿ ಪ್ರಾತಃಕಾಲದ ಆರಾಧನೆ ಸ್ತುತಿಯಿಂದ ಆರಂಭವಾಗುವುದಿಲ್ಲ. ಧರ್ಮಗ್ರಂಥದ ಒಂದೆರಡು ವಾಕ್ಯಗಳನ್ನು ಓದಿದ ಯಾಜಕನು ಸಭೆಯನ್ನು ಪಾಪನಿವೇದನೆಗೆ ಕರೆಯುತ್ತಾನೆ. ನೆರೆದವರೆಲ್ಲರೂ ಮೊಣಕಾಲೂರಿ, ಅವನ ಹಿಂದೆಯೇ ನುಡಿಯುತ್ತ, ತಮ್ಮ ತಪ್ಪುಗಳನ್ನು ದೇವರ ಮುಂದೆ ಒಪ್ಪಿಕೊಳ್ಳುತ್ತಾರೆ. ಕ್ಷಮೆಯ ಘೋಷಣೆಯಾದ ಬಳಿಕವೇ ಅವರ ತುಟಿಗಳು ಸ್ತುತಿಗೆ ತೆರೆಯುತ್ತವೆ. ಈ ಕ್ರಮವನ್ನು ರೂಪಿಸಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್. ಪಂಡಿತ, ಗದ್ಯಶಿಲ್ಪಿ, ರಾಜನ ಆಜ್ಞಾಧಾರಕ, ಕೊನೆಗೆ ಚಿತೆಯೇರಿದ ಅಪರಾಧಿ ಎಂಬ ನಾಲ್ಕು ನೆಲೆಗಳಲ್ಲಿ ಬಾಳಿದ ಈತನ ಜೀವನವನ್ನು ಅರಿಯದೆ ಆ ಕ್ರಮದ ತೂಕ ತಿಳಿಯುವುದು ಕಷ್ಟ.

ಕ್ರ್ಯಾನ್ಮರ್ ಹುಟ್ಟಿದ್ದು 1489ರ ಜುಲೈ 2ರಂದು, ನಾಟಿಂಗ್‌ಹ್ಯಾಮ್‌ಷೈರಿನ ಆಸ್ಲಾಕ್ಟನ್ ಎಂಬ ಹಳ್ಳಿಯಲ್ಲಿ. ಹದಿನಾಲ್ಕರ ವಯಸ್ಸಿನಲ್ಲಿ ಕೇಂಬ್ರಿಜ್ಜಿನ ಜೀಸಸ್ ಕಾಲೇಜನ್ನು ಸೇರಿದನು. ಅಲ್ಲಿಯ ಫೆಲೋ ಆಗಿದ್ದಾಗ ಜೋನ್ ಎಂಬಾಕೆಯನ್ನು ಮದುವೆಯಾದುದರಿಂದ ನಿಯಮದಂತೆ ಆ ಸ್ಥಾನವನ್ನು ಕಳೆದುಕೊಂಡನು. ಹೆರಿಗೆಯಲ್ಲಿ ಹೆಂಡತಿಯೂ ಮಗುವೂ ತೀರಿಕೊಂಡ ಮೇಲೆ ಕಾಲೇಜು ಅವನನ್ನು ಮರಳಿ ಕರೆದುಕೊಂಡಿತು. ಅನಂತರ ಯಾಜಕದೀಕ್ಷೆ, 1526ರಲ್ಲಿ ದೈವಶಾಸ್ತ್ರದ ಡಾಕ್ಟರೇಟು. ನಲವತ್ತರ ಹತ್ತಿರ ಬರುವವರೆಗೂ ಅವನದು ಗ್ರಂಥಗಳ ನಡುವಣ ಬದುಕು. ನಿಧಾನವಾಗಿ ಓದಿ, ಟಿಪ್ಪಣಿ ಮಾಡಿ, ತಡವಾಗಿ ತೀರ್ಮಾನಕ್ಕೆ ಬರುವ ಸ್ವಭಾವ. ಈ ನಿಧಾನವೇ ಮುಂದೆ ಅವನ ಗದ್ಯಕ್ಕೆ ಶಕ್ತಿಯಾಯಿತು, ಅವನ ಬಾಳಿಗೆ ದೌರ್ಬಲ್ಯವಾಯಿತು.

ಆ ಕಾಲದ ಪಾಪನಿವೇದನೆಯ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1215ರ ನಾಲ್ಕನೆಯ ಲ್ಯಾಟರನ್ ಧರ್ಮಸಭೆಯು, ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ತನ್ನ ಗುರುವಿನ ಬಳಿ ಪಾಪಗಳನ್ನು ಹೇಳಿಕೊಂಡು, ಈಸ್ಟರ್ ಕಾಲದಲ್ಲಿ ಪ್ರಭುಭೋಜನವನ್ನು ಸ್ವೀಕರಿಸಬೇಕೆಂದು ವಿಧಿಸಿತ್ತು. ಹೀಗಾಗಿ ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ ಊರಿನ ಜನ ಒಬ್ಬೊಬ್ಬರಾಗಿ ಗುರುವಿನ ಬಳಿ ಮೊಣಕಾಲೂರಿ, ಅವನ ಕಿವಿಯಲ್ಲಿ ತಮ್ಮ ತಪ್ಪುಗಳನ್ನು ಎಣಿಸಿ ಹೇಳುತ್ತಿದ್ದರು. ಗುರು ಪ್ರಾಯಶ್ಚಿತ್ತ ವಿಧಿಸಿ ಪಾಪವಿಮೋಚನೆಯ ಮಾತನ್ನು ಲ್ಯಾಟಿನ್ನಿನಲ್ಲಿ ನುಡಿಯುತ್ತಿದ್ದನು. ಬಲಿಪೂಜೆಯ ಆರಂಭದಲ್ಲಿಯೂ ಒಂದು ಪಾಪನಿವೇದನೆ ಇದ್ದಿತು; ಆದರೆ ಅದು ಪೀಠದ ಮೆಟ್ಟಿಲ ಬಳಿ ಯಾಜಕನಿಗೂ ಅವನ ಸಹಾಯಕರಿಗೂ ನಡುವೆ ಲ್ಯಾಟಿನ್ನಿನಲ್ಲಿ ನಡೆಯುವ ಮಾತು. ಪೂಜೆಗೆ ಬಂದ ಒಕ್ಕಲಿಗನಿಗೆ ಅದರಲ್ಲಿ ಪಾತ್ರವಿರಲಿಲ್ಲ. ಈ ಪದ್ಧತಿಯನ್ನು ಕೇವಲ ಪುರೋಹಿತಶಾಹಿಯೆಂದು ತಳ್ಳಿಹಾಕುವುದು ಸರಿಯಲ್ಲ. ಹೇಳಿಕೊಳ್ಳಲು ಒಂದು ಕಿವಿ ಇದೆಯೆಂಬ ಸಮಾಧಾನ ಎಷ್ಟೋ ಜನರಿಗೆ ಅದರಿಂದ ದೊರೆಯುತ್ತಿತ್ತು.

1529ರಲ್ಲಿ ಸಾಂಕ್ರಾಮಿಕ ರೋಗಕ್ಕೆ ಅಂಜಿ ಕೇಂಬ್ರಿಜ್ಜನ್ನು ಬಿಟ್ಟು ವಾಲ್ಥಮ್ಮಿನಲ್ಲಿದ್ದ ಕ್ರ್ಯಾನ್ಮರ್, ಎಂಟನೆಯ ಹೆನ್ರಿಯ ವಿವಾಹವಿಚ್ಛೇದದ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳ ಪಂಡಿತರ ಮುಂದಿಡಬಹುದೆಂದು ರಾಜನ ಕಡೆಯವರಿಗೆ ಸೂಚಿಸಿದನು. ಆ ಒಂದು ಸಲಹೆ ಅವನನ್ನು ಗ್ರಂಥಾಲಯದಿಂದ ಅರಮನೆಗೆ ಎಳೆದೊಯ್ದಿತು. 1532ರಲ್ಲಿ ರಾಯಭಾರಿಯಾಗಿ ಜರ್ಮನಿಗೆ ಹೋದವನು ನ್ಯೂರೆಂಬರ್ಗಿನಲ್ಲಿ ಸುಧಾರಣಾವಾದಿ ಓಸಿಯಾಂಡರನ ಸಂಬಂಧಿ ಮಾರ್ಗರೆಟಳನ್ನು ಗುಟ್ಟಾಗಿ ಮದುವೆಯಾದನು. ಅದೇ ವರ್ಷ ಆರ್ಚ್‌ಬಿಷಪ್ ಪದವಿಗೆ ಕರೆ ಬಂದಿತು. 1533ರ ಮಾರ್ಚ್ 30ರಂದು ಅಭಿಷಿಕ್ತನಾದಾಗ ಪೋಪನಿಗೆ ವಿಧೇಯತೆಯ ಪ್ರಮಾಣ ಮಾಡುವ ಮೊದಲೇ, ಆ ಪ್ರಮಾಣ ರಾಜನ ಕಾನೂನಿಗೆ ಅಡ್ಡಬಂದರೆ ತನ್ನನ್ನು ಕಟ್ಟಿಹಾಕದೆಂದು ಸಾಕ್ಷಿಗಳ ಮುಂದೆ ಘೋಷಿಸಿಕೊಂಡನು. ಮೇ ತಿಂಗಳಲ್ಲಿ ಹೆನ್ರಿ-ಕ್ಯಾಥರೀನರ ವಿವಾಹ ಅಸಿಂಧುವೆಂದು ತೀರ್ಪಿತ್ತು, ಜೂನ್ 1ರಂದು ಆ್ಯನ್ ಬೊಲಿನಳಿಗೆ ಕಿರೀಟಧಾರಣೆ ಮಾಡಿದನು.

ಹೆನ್ರಿಯ ಕಾಲದಲ್ಲಿ ಕ್ರ್ಯಾನ್ಮರನ ಮೇಲೆ ಬಿದ್ದ ಕಲೆಗಳನ್ನು ಮರೆಮಾಚಬೇಕಾಗಿಲ್ಲ. 1538ರಲ್ಲಿ ಜಾನ್ ಲ್ಯಾಂಬರ್ಟ್ ಎಂಬವನು ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹ ಪ್ರತ್ಯಕ್ಷವಾಗಿಲ್ಲವೆಂದು ವಾದಿಸಿದಾಗ ಅವನ ವಿರುದ್ಧ ವಾದಿಸಿದವರಲ್ಲಿ ಕ್ರ್ಯಾನ್ಮರನೂ ಒಬ್ಬ. ಲ್ಯಾಂಬರ್ಟನನ್ನು ಸುಡಲಾಯಿತು. ಸುಮಾರು ಹತ್ತು ವರ್ಷಗಳಲ್ಲಿ ಅಂಥ ಅಭಿಪ್ರಾಯಕ್ಕೇ ಕ್ರ್ಯಾನ್ಮರ್ ಬಂದು ನಿಂತನು. 1539ರ ಆರು ವಿಧಿಗಳ ಶಾಸನವು ಯಾಜಕರ ವಿವಾಹವನ್ನು ನಿಷೇಧಿಸಿ, ಗುರುವಿನ ಕಿವಿಯಲ್ಲಿ ಮಾಡುವ ನಿವೇದನೆಯನ್ನು ಉಳಿಸಿಕೊಳ್ಳತಕ್ಕದ್ದೆಂದು ಸಾರಿತು. ಚರ್ಚೆಯಲ್ಲಿ ವಿರೋಧಿಸಿದ ಕ್ರ್ಯಾನ್ಮರ್ ಶಾಸನವಾದ ಮೇಲೆ ತಲೆಬಾಗಿದನು. ಹೆಂಡತಿಯನ್ನು ಜರ್ಮನಿಗೆ ಕಳುಹಿಸಿದನು. ಬಿಷಪ್ ಲ್ಯಾಟಿಮರ್ ಪದವಿಯನ್ನೇ ತ್ಯಜಿಸಿದನು. ಆರ್ಚ್‌ಬಿಷಪ್ ಮಾತ್ರ ಪದವಿಯಲ್ಲೇ ಉಳಿದನು.

1547ರ ಜನವರಿಯಲ್ಲಿ ಹೆನ್ರಿ ತೀರಿಕೊಂಡು, ಬಾಲಕ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಕ್ರ್ಯಾನ್ಮರನ ಲೇಖನಿಗೆ ಬಿಡುವು ಸಿಕ್ಕಿತು. 1548ರ ಮಾರ್ಚಿನಲ್ಲಿ ಹೊರಬಂದ ಪ್ರಭುಭೋಜನದ ಕ್ರಮ ಒಂದು ಕಿರುಪುಸ್ತಿಕೆ. ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಅದರ ನಡುವೆ, ರೊಟ್ಟಿ ಮತ್ತು ದ್ರಾಕ್ಷಾರಸ ಸ್ವೀಕರಿಸುವವರಿಗಾಗಿ, ಇಂಗ್ಲಿಷಿನಲ್ಲಿ ಒಂದು ಪ್ರಬೋಧನೆ, ಸಾಮೂಹಿಕ ಪಾಪನಿವೇದನೆ, ಕ್ಷಮಾವಚನಗಳನ್ನು ಸೇರಿಸಲಾಯಿತು. ಕೊಲೋನಿನ ಆರ್ಚ್‌ಬಿಷಪ್ ಹೆರ್ಮನ್ನನಿಗಾಗಿ ಬುಟ್ಸರ್ ಮತ್ತು ಮೆಲಾಂಕ್ಟನ್ ಸಿದ್ಧಪಡಿಸಿದ ಜರ್ಮನ್ ಕ್ರಮದ ಪ್ರಭಾವ ಇದರ ಮೇಲಿದೆ. ಗುರುವಿನ ಬಳಿ ಏಕಾಂತದಲ್ಲಿ ಹೇಳಿಕೊಳ್ಳಲು ಬಯಸುವವರು ಸಭೆಯ ಸಾಮಾನ್ಯ ನಿವೇದನೆಯಲ್ಲೇ ತೃಪ್ತರಾಗುವವರನ್ನು ಹಳಿಯಬಾರದು, ಇವರು ಅವರನ್ನು ಹಳಿಯಬಾರದು ಎಂಬ ಆಶಯವೂ ಆ ಪ್ರಬೋಧನೆಯಲ್ಲಿದೆ. ಮತಭೇದಕ್ಕಾಗಿ ಜನರನ್ನು ಸುಡುತ್ತಿದ್ದ ಶತಮಾನದಲ್ಲಿ ಈ ಸೈರಣೆ ಅಪರೂಪವಾದುದು.

1549ರ ಜೂನ್ 9ರಿಂದ ಇಡಿಯ ಆರಾಧನೆಯೇ ಇಂಗ್ಲಿಷಿಗೆ ತಿರುಗಿತು. ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತಗಳಲ್ಲಿ ದಂಗೆಯೆದ್ದಿತು. ಕಾರ್ನಿಷ್ ನುಡಿಯವರ ದೂರುಗಳಲ್ಲಿ ತಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ಬಾರದೆಂಬುದೂ ಒಂದಾಗಿತ್ತು. ಜನರ ನುಡಿ ಎಂಬುದು ಯಾವ ಜನರ ನುಡಿ ಎಂಬ ಪ್ರಶ್ನೆಯನ್ನು ಕ್ರ್ಯಾನ್ಮರ್ ಕೇಳಿಕೊಳ್ಳಲಿಲ್ಲ. ದಂಗೆಯನ್ನು ಸೈನ್ಯ ಅಡಗಿಸಿತು.

1549ರ ಪ್ರಾತಃಕಾಲದ ಆರಾಧನೆಯ ಆರಂಭದಲ್ಲಿ ಪಾಪನಿವೇದನೆ ಇರಲಿಲ್ಲ. ಅದು ಬಂದದ್ದು 1552ರ ರೂಪದಲ್ಲಿ. ಅದರ ರಚನೆ ಸೂಕ್ಷ್ಮವಾದ ಅಧ್ಯಯನಕ್ಕೆ ತಕ್ಕುದು. ದಾರಿತಪ್ಪಿದ ಕುರಿಯ ಚಿತ್ರದಿಂದ ಹೊರಟು, ಮಾಡಬೇಕಾದುದನ್ನು ಮಾಡದೆ ಬಿಟ್ಟ ಅಪರಾಧವನ್ನು ಅದು ಮೊದಲು ಒಪ್ಪಿಕೊಳ್ಳುತ್ತದೆ. ಮಾಡಬಾರದುದನ್ನು ಮಾಡಿದ್ದು ಅನಂತರದ ಮಾತು. ಕೊಲೆ, ಕಳವು, ವ್ಯಭಿಚಾರಗಳ ಪಟ್ಟಿ ಅಲ್ಲಿಲ್ಲ. ಉಪೇಕ್ಷೆಯೇ ಮೊದಲ ಪಾಪವೆಂದ ಮೇಲೆ ಸಭೆಯಲ್ಲಿ ಯಾರೊಬ್ಬನೂ ಇದು ತನಗೆ ಸಲ್ಲದೆಂದು ಎದ್ದುಹೋಗುವಂತಿಲ್ಲ. ಸಮಾನಾರ್ಥದ ಎರಡೆರಡು ಶಬ್ದಗಳನ್ನು ಜೊತೆಗೂಡಿಸುವುದು ಕ್ರ್ಯಾನ್ಮರನ ಗದ್ಯದ ವಿಶಿಷ್ಟ ಲಕ್ಷಣ. ನಮ್ಮ ಜೋಡುನುಡಿಗಳಂತೆ ಇವೂ ಕಿವಿಗಾಗಿ ಹುಟ್ಟಿದವು. ಓದು ಬಾರದವನೂ ಯಾಜಕನ ಹಿಂದೆ ನುಡಿಯುತ್ತ ನುಡಿಯುತ್ತ ಕಲಿಯಬಲ್ಲವು. ಬಸವಣ್ಣನವರ ವಚನಗಳಲ್ಲಿ ತಪ್ಪೊಪ್ಪುವ ದನಿ ಏಕವಚನದ್ದೆಂಬುದನ್ನು ಬಲ್ಲ ಕನ್ನಡದ ಓದುಗರಿಗೆ ಇಲ್ಲಿಯ ಬಹುವಚನ ವಿಶೇಷವಾಗಿ ಕಾಣುತ್ತದೆ. ರಾಜನೂ ಆಳೂ ಒಂದೇ ವಾಕ್ಯದ ಕರ್ತೃಪದದಲ್ಲಿ ಸೇರುತ್ತಾರೆ. ಕ್ಷಮಾವಚನದಲ್ಲಿಯೂ ಯಾಜಕನು ತಾನು ಕ್ಷಮಿಸಿದೆನೆಂದು ಹೇಳದೆ, ಪಶ್ಚಾತ್ತಾಪಪಟ್ಟವರನ್ನು ದೇವರು ಕ್ಷಮಿಸುತ್ತಾನೆಂದು ಸಾರುತ್ತಾನೆ. ರೋಗಿಯ ಹಾಸಿಗೆಯ ಬಳಿ ಮಾತ್ರ ಹಳೆಯ ಏಕಾಂತನಿವೇದನೆಯನ್ನೂ ಯಾಜಕನು ತನ್ನ ಬಾಯಿಂದಲೇ ಬಿಡುಗಡೆ ನೀಡುವ ಮಾತನ್ನೂ ಕ್ರ್ಯಾನ್ಮರ್ ಉಳಿಸಿಕೊಂಡನು.

ಈ ಗ್ರಂಥ ಬಳಕೆಗೆ ಬಂದದ್ದು 1552ರ ನವೆಂಬರ್ 1ರಂದು. ಎಂಟು ತಿಂಗಳಲ್ಲಿ ಎಡ್ವರ್ಡ್ ತೀರಿಕೊಂಡನು. ಕ್ಯಾಥರೀನಳ ಮಗಳು ಮೇರಿ ರಾಣಿಯಾದಳು. ಸೆಪ್ಟೆಂಬರಿನಲ್ಲಿ ಕ್ರ್ಯಾನ್ಮರ್ ಲಂಡನ್ನಿನ ಟವರ್ ಸೆರೆಮನೆ ಸೇರಿದನು. 1554ರಲ್ಲಿ ಅವನನ್ನು ಆಕ್ಸ್‌ಫರ್ಡಿಗೆ ಸಾಗಿಸಲಾಯಿತು. 1555ರ ಅಕ್ಟೋಬರ್ 16ರಂದು ಲ್ಯಾಟಿಮರ್ ಮತ್ತು ರಿಡ್ಲಿ ಬೆಂಕಿಗೆ ಆಹುತಿಯಾದುದನ್ನು ಅವನು ನೋಡಬೇಕಾಯಿತು. ಅರವತ್ತಾರರ ಮುದುಕ, ಒಂಟಿ ಸೆರೆ, ದಿನವೂ ವಾದಿಸಿ ಒಲಿಸುವ ಎದುರಾಳಿಗಳು. ಕೆಲವೇ ವಾರಗಳಲ್ಲಿ ಒಂದಾದ ಮೇಲೊಂದರಂತೆ ಆರು ಹೇಳಿಕೆಗಳಿಗೆ ಸಹಿಹಾಕಿ ತನ್ನ ಬೋಧೆಯನ್ನೆಲ್ಲ ನಿರಾಕರಿಸಿದನು. ತಪ್ಪೊಪ್ಪಿದ ಪಾಷಂಡಿಯನ್ನು ಸಾಮಾನ್ಯವಾಗಿ ಜೀವಸಹಿತ ಬಿಡುವ ರೂಢಿಯಿದ್ದರೂ ರಾಣಿ ಅವನನ್ನು ಬಿಡಲೊಪ್ಪಲಿಲ್ಲ.

1556ರ ಮಾರ್ಚ್ 21, ಮಳೆಯ ದಿನ. ಆಕ್ಸ್‌ಫರ್ಡಿನ ಸಂತ ಮೇರಿಯ ಚರ್ಚಿನಲ್ಲಿ ಜನ ಕಿಕ್ಕಿರಿದಿದ್ದರು. ಪ್ರವಚನವಾದ ಮೇಲೆ ಕ್ರ್ಯಾನ್ಮರ್ ಮೊಣಕಾಲೂರಿ ತನ್ನ ಪಾಪಗಳನ್ನು ದೇವರಿಗೆ ಅರಿಕೆಮಾಡಿಕೊಂಡು, ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳಿ, ಜನರಿಗೆ ಕೆಲವು ಬುದ್ಧಿಮಾತು ಹೇಳಿದನು. ಅಲ್ಲಿಯವರೆಗೆ ಎಲ್ಲವೂ ಅಧಿಕಾರಿಗಳು ನಿರೀಕ್ಷಿಸಿದಂತೆಯೇ ನಡೆಯಿತು. ಅನಂತರ ತನ್ನ ಅಂತಃಸಾಕ್ಷಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುವ ಪಾಪ ಒಂದಿದೆಯೆಂದು ತೊಡಗಿ, ಮರಣದ ಭಯದಿಂದ ತನ್ನ ಕೈ ಹೃದಯಕ್ಕೆ ವಿರುದ್ಧವಾಗಿ ಬರೆಯಿತೆಂದೂ ಬೆಂಕಿಗೆ ಮೊದಲು ಹೋಗಬೇಕಾದುದು ಆ ಕೈಯೇ ಎಂದೂ ಸಾರಿದನು. ಇಡಿಯ ದೇಶಕ್ಕೆ ಬಹುವಚನದ ನಿವೇದನೆಯನ್ನು ಬರೆದುಕೊಟ್ಟವನಿಗೆ ಆ ಗಳಿಗೆಯಲ್ಲಿ ಬಹುವಚನ ಒದಗಲಿಲ್ಲ. ಸಭೆಯ ನಡುವೆ ನಿಂತು ಒಬ್ಬನೇ, ಒಂದೇ ಪಾಪವನ್ನು ಹೆಸರಿಟ್ಟು ಹೇಳಬೇಕಾಯಿತು. ಕ್ಷಮಾವಚನ ನುಡಿಯಲು ಅಲ್ಲಿ ಯಾರೂ ಇರಲಿಲ್ಲ. ಕೂಗಾಟದ ನಡುವೆ ಅವನನ್ನು ವೇದಿಕೆಯಿಂದ ಎಳೆದೊಯ್ದರು. ಉರಿ ಏಳುತ್ತಿದ್ದಂತೆ ಬಲಗೈಯನ್ನು ಅದರಲ್ಲಿ ಚಾಚಿ ಹಿಡಿದನೆಂದು ನೋಡಿದವರು ದಾಖಲಿಸಿದ್ದಾರೆ.

1559ರಲ್ಲಿ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ 1552ರ ಗ್ರಂಥ ಅಲ್ಪಸ್ವಲ್ಪ ಬದಲಾವಣೆಯೊಡನೆ ಮರಳಿ ಬಂದಿತು. 1662ರ ಪರಿಷ್ಕರಣದಲ್ಲಿಯೂ ಆ ಪಾಪನಿವೇದನೆ ತನ್ನ ಸ್ಥಾನದಲ್ಲೇ ಉಳಿಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯಲ್ಲಿ ಆಂಗ್ಲಿಕನ್ ಪರಂಪರೆ ಇತರ ಪ್ರಾಟೆಸ್ಟಂಟ್ ಪರಂಪರೆಗಳೊಡನೆ ಕೂಡಿಕೊಂಡಿತು. ಆ ಸಭೆ 1950ರಲ್ಲಿ ರೂಪಿಸಿದ ಪ್ರಭುಭೋಜನದ ಕ್ರಮದ ಮೊದಲ ಭಾಗಕ್ಕೆ ಸಿದ್ಧತೆಯೆಂದೇ ಹೆಸರು. ಸಾಮೂಹಿಕ ಪಾಪನಿವೇದನೆ ಇರುವುದು ಆ ಭಾಗದಲ್ಲಿ. ಕನ್ನಡ ಸಭೆಗಳು ಅದನ್ನು ಕನ್ನಡದಲ್ಲಿ ನುಡಿಯುತ್ತವೆ.