ಎರಡಾಣೆಯ ಠೇವಣಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಂಗಡಿಬೀದಿಗಳಲ್ಲಾಗಲಿ ಪಿಗ್ಮಿ ಎಂಬ ಮಾತಿಗೆ ಅರ್ಥ ಹೇಳಬೇಕಾದ ಅಗತ್ಯವಿಲ್ಲ. ಹೂವಿನವಳಿಗೂ ಕ್ಷೌರದಂಗಡಿಯವನಿಗೂ ಅದು ಮನೆಯ ಮಾತು. ಗ್ರೀಕರ ಪುರಾಣದ ಕುಬ್ಜಜನರ ಈ ಹೆಸರು ಘಟ್ಟವನ್ನೇರಿ ನಮ್ಮ ಸಂತೆಯ ಕನ್ನಡದಲ್ಲಿ ಸೇರಿಹೋದುದು ಹೇಗೆಂದು ಕೇಳಿದರೆ, ಉತ್ತರವು ಉಡುಪಿಯ ಒಬ್ಬ ವೈದ್ಯರ ಜೀವನದಲ್ಲಿದೆ.

ತೋನ್ಸೆ ಮಾಧವ ಅನಂತ ಪೈಗಳು ಜನಿಸಿದ್ದು 1898ನೆಯ ಇಸವಿ ಏಪ್ರಿಲ್ 30ರಂದು, ಸ್ವರ್ಣಾ ನದಿಯ ತಡಿಯ ಕಲ್ಯಾಣಪುರದಲ್ಲಿ. ದಕ್ಷಿಣ ಕನ್ನಡವು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಜಿಲ್ಲೆ. ಉನ್ನತ ವಿದ್ಯೆಯನ್ನು ಬಯಸಿದವರಿಗೆ ಮದರಾಸೇ ಗತಿ. ಪೈಗಳೂ ಅಲ್ಲಿಯೇ ವೈದ್ಯಶಾಸ್ತ್ರವನ್ನು ಓದಿ ಊರ ಕಡೆಗೆ ಮರಳಿದರು. ಮೂರು ವರ್ಷ ಹಿರಿಯರಾದ ಅಣ್ಣ ಉಪೇಂದ್ರ ಪೈಗಳು ವ್ಯಾಪಾರಸ್ಥರು. ತಮ್ಮನಿಗೆ ನಾಡಿಯ ಪರಿಚಯ, ಅಣ್ಣನಿಗೆ ಪೇಟೆಯ ಪರಿಚಯ. ಎರಡೂ ಒಂದೇ ಮನೆಯಲ್ಲಿದ್ದುದು ಮುಂದಿನ ಕಥೆಗೆ ಅನುಕೂಲವಾಯಿತೆನ್ನಬೇಕು.

ಆ ಕಾಲದಲ್ಲಿ ಕರಾವಳಿಯ ಕೈಮಗ್ಗದವರ ಸ್ಥಿತಿ ಶೋಚನೀಯವಾಗಿತ್ತು. ಗಿರಣಿಯ ಬಟ್ಟೆಯೊಡನೆ ಸ್ಪರ್ಧಿಸುವುದೇ ಕಷ್ಟ. ಅದಕ್ಕಿಂತಲೂ ಕಷ್ಟವಾದುದು ಸಾಲದ ಜಾಲ. ಕೈಯಲ್ಲಿ ಕಾಸಿಲ್ಲದ ನೇಕಾರನು ವರ್ತಕನಿಂದ ನೂಲನ್ನು ಕಡ ತರುವನು. ನೇಯ್ದ ಬಟ್ಟೆಯನ್ನು ಅದೇ ವರ್ತಕನಿಗೆ ಒಪ್ಪಿಸುವನು. ನೂಲಿಗೂ ಬಟ್ಟೆಗೂ ಬೆಲೆ ಕಟ್ಟುವವನು ಒಬ್ಬನೇ ಆದಾಗ ಲೆಕ್ಕವು ಯಾರ ಕಡೆಗೆ ವಾಲುವುದೆಂದು ವಿವರಿಸಬೇಕಾಗಿಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿಯೇ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದ್ದರು, ನಿಜ. ಆದರೆ ಆಸ್ತಿಯಿಲ್ಲದ, ಸಹಿ ಹಾಕಲು ಬಾರದ ನೇಕಾರನು ಬ್ಯಾಂಕೊಂದರ ಮೆಟ್ಟಿಲನ್ನು ಹತ್ತುವುದು ಸುಲಭದ ಮಾತಾಗಿರಲಿಲ್ಲ.

1925ರಲ್ಲಿ ಪೈ ಸೋದರರೂ ಯಂತ್ರಶಿಲ್ಪಿಗಳಾದ ವಾಮನ ಶ್ರೀನಿವಾಸ ಕುಡ್ವರೂ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ತೆರೆದರು. ಹೆಸರು ಉದ್ದ, ಬಂಡವಾಳ ಗಿಡ್ಡ: 8,000 ರೂಪಾಯಿ. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಮುಖ್ಯ ಉದ್ದೇಶ. ಆದರೆ ಅಷ್ಟು ಹಣದಿಂದ ಎಷ್ಟು ಮಗ್ಗಗಳನ್ನು ಆಡಿಸಲಾದೀತು? ಸಾಲ ಕೊಡಬೇಕಾದರೆ ಠೇವಣಿ ಬರಬೇಕು. ಶ್ರೀಮಂತರ ಠೇವಣಿಯನ್ನೇ ನೆಚ್ಚಿದರೆ ಸಾಲವೂ ಶ್ರೀಮಂತರ ಮಾತಿನಂತೆಯೇ ನಡೆದೀತು.

ಇದಕ್ಕೆ 1928ರಲ್ಲಿ ದೊರೆತ ಉತ್ತರವೇ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಬ್ಯಾಂಕಿನ ಪ್ರತಿನಿಧಿಯೇ ಬಾಗಿಲಿಗೆ ಬಂದು ಪಡೆದುಕೊಂಡು, ಎದುರಿಗೇ ಬರೆದುಕೊಟ್ಟು ಹೋಗುವ ಏರ್ಪಾಡು ಅದು. ಲೆಕ್ಕ ಹಾಕಿ ನೋಡಿ: ಎಂಟು ದಿನಕ್ಕೆ ಒಂದು ರೂಪಾಯಿ, ವರ್ಷಕ್ಕೆ, ಬಡ್ಡಿಯನ್ನು ಬಿಟ್ಟು, 45 ರೂಪಾಯಿ 10 ಆಣೆ. ಸಂಜೆಗೆ ಕರಗಿಹೋಗುವ ಚಿಲ್ಲರೆಯು ವರ್ಷಾಂತ್ಯದಲ್ಲಿ ನೂಲಿನ ಮೂಟೆಯಾಗಿಯೋ ಅಂಗಡಿಯ ಸರಕಾಗಿಯೋ ಎದ್ದುನಿಲ್ಲುತ್ತಿತ್ತು. (ಕಿರಿದಾದುದಕ್ಕೆ ಹೆಸರಿಡುವಾಗ ಗ್ರೀಸಿನವರೆಗೆ ಹೋಗಬೇಕಿರಲಿಲ್ಲ; ಮೂರು ಹೆಜ್ಜೆಯಲ್ಲಿ ಲೋಕವನ್ನು ಅಳೆದ ವಾಮನನು ನಮ್ಮಲ್ಲಿಯೇ ಇದ್ದನು, ಸಂಸ್ಥಾಪಕರಲ್ಲೊಬ್ಬರ ಹೆಸರೂ ಅದೇ ಆಗಿದ್ದಿತು.)

ಈ ಯೋಜನೆಯನ್ನು ಉಳಿತಾಯದ ಪಾಠವೆಂದಷ್ಟೇ ಹೊಗಳುವುದು ವಾಡಿಕೆ. ನನಗೆ ಅದರ ಹಿರಿಮೆ ಬೇರೆಡೆ ಕಾಣುತ್ತದೆ. ಊರಿನ ಲೇವಾದೇವಿಗಾರನು ಸಾಲಗಾರನನ್ನು ಬಲ್ಲನು, ಆದರೆ ಅವನ ಪುಸ್ತಕವನ್ನು ಸಾಲಗಾರನು ನೋಡಲಾರನು. ಬ್ಯಾಂಕಿನ ಪುಸ್ತಕ ಎಲ್ಲರಿಗೂ ತೆರೆದದ್ದು, ಆದರೆ ಬ್ಯಾಂಕಿಗೆ ಬಡವನ ಗುರುತಿಲ್ಲ. ದಿನವೂ ಅಂಗಡಿಯ ಮುಂದೆ ನಿಲ್ಲುವ ಪಿಗ್ಮಿ ಪ್ರತಿನಿಧಿಯಲ್ಲಿ ಈ ಎರಡೂ ಕೂಡಿದವು. ಯಾರ ಅಂಗಡಿ ಬೆಳಗ್ಗೆ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ, ಯಾರು ಕಾಯಿಲೆ ಬಿದ್ದರು, ಯಾರ ವ್ಯಾಪಾರ ಇಳಿದಿದೆ ಎಂಬುದು ಅವನ ಕಣ್ಣಿಗೆ ಬೀಳದೆ ಇರದು. ತಪ್ಪದೆ ಎರಡಾಣೆ ಕಟ್ಟಿದ ಸಾಲುಸಾಲು ದಿನಗಳೇ ಆಸ್ತಿಯಿಲ್ಲದವನ ಸಾಕ್ಷಿಪತ್ರ. ವೈದ್ಯನು ರೋಗಿಯ ಮನೆಗೆ ಹೋಗಿ ನೋಡುವ ಕ್ರಮವನ್ನು ಪೈಗಳು ಬ್ಯಾಂಕಿಗೂ ಕಲಿಸಿದರೆಂದು ನಾನು ಭಾವಿಸಿದ್ದೇನೆ.

ನಂಬಿಕೆಯು ಅಂದು ಅಗ್ಗದ ವಸ್ತುವಾಗಿರಲಿಲ್ಲ. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಸಂಸ್ಥೆಯೂ, 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕೂ ಮುರಿದುಬಿದ್ದು ದಕ್ಷಿಣದ ಅಸಂಖ್ಯ ಕುಟುಂಬಗಳ ಉಳಿತಾಯ ಮಣ್ಣುಪಾಲಾದುದನ್ನು ಜನ ಕಂಡಿದ್ದರು. ಅಂಥ ದಿನಗಳಲ್ಲಿ ಚಿಲ್ಲರೆ ಕಾಸಿನ ಮೇಲೆ ನಿಂತ ಬ್ಯಾಂಕು ಉಳಿಯಿತು. 1928ರಲ್ಲಿ ಬ್ರಹ್ಮಾವರದಲ್ಲಿ ಮೊದಲ ಶಾಖೆಯನ್ನು ತೆರೆದ ಆ ಬ್ಯಾಂಕು ತನ್ನ ಕೇಂದ್ರವನ್ನು ಮಣಿಪಾಲಕ್ಕೆ ಸ್ಥಳಾಂತರಿಸಿ, 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರನ್ನು ತಳೆದು, 1969ರ ಜುಲೈ 19ರಂದು ಇತರ 13 ಬ್ಯಾಂಕುಗಳೊಡನೆ ರಾಷ್ಟ್ರೀಕರಣಗೊಂಡಿತು.

ಮಣಿಪಾಲದ ಬೋಳುಗುಡ್ಡವನ್ನು ಪೈಗಳು ವಿದ್ಯಾನಗರವನ್ನಾಗಿ ಮಾಡಿದ ವೃತ್ತಾಂತ ಸುಪರಿಚಿತವಾದುದು. 1942ರಲ್ಲಿ ಶಿಕ್ಷಣ ಅಕಾಡೆಮಿ, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು. ಸರ್ಕಾರದ ಹಣವಿಲ್ಲದೆ ವೈದ್ಯಕೀಯ ಕಾಲೇಜನ್ನು ನಡೆಸಲು ವಿದ್ಯಾರ್ಥಿಗಳ ಪೋಷಕರಿಂದಲೇ ಹಣ ಕೂಡಿಸಿದ ಅವರ ಮಾರ್ಗವು ಮುಂದೆ ನಾಡಿನಲ್ಲಿ ಪಡೆದ ರೂಪವನ್ನು ಮೆಚ್ಚುವುದು ಕಷ್ಟ. ಎರಡಾಣೆಯವನಿಗೆ ಬಾಗಿಲು ತೆರೆದ ಕೈಯೇ ಇಲ್ಲಿ ಹಣವಂತನಿಗೆ ಬಾಗಿಲನ್ನು ತೋರಿಸಿತೆಂಬ ಆಕ್ಷೇಪದಲ್ಲಿ ತಥ್ಯವಿಲ್ಲದಿಲ್ಲ. ಆದರೂ ಆ ಕಾಲೇಜಿಲ್ಲದಿದ್ದರೆ ಆ ಗುಡ್ಡದ ಮೇಲೆ ಆಸ್ಪತ್ರೆ ಬೇಗನೆ ಏಳುತ್ತಿತ್ತೆ ಎಂಬುದನ್ನೂ ಆಕ್ಷೇಪಿಸುವವರು ಯೋಚಿಸಬೇಕು. 1972ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದ ಪೈಗಳು 1979ರ ಮೇ 29ರಂದು ನಿಧನರಾದರು.

ಬಿಸಿಲುಮಳೆಯೆನ್ನದೆ ತಿರುಗಿದ ಪಿಗ್ಮಿ ಸಂಗ್ರಾಹಕರ ಪಾಡನ್ನೂ ಇಲ್ಲಿ ಹೇಳಬೇಕು. ಬ್ಯಾಂಕುಗಳ ದೃಷ್ಟಿಯಲ್ಲಿ ಅವರು ಬಹುಕಾಲ ಕಮಿಷನ್ನಿಗೆ ದುಡಿಯುವ ಹೊರಗಿನವರು. ಅವರೂ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟದ್ದು 2001ರಲ್ಲಿ, ಅಂದರೆ ಯೋಜನೆ ಆರಂಭವಾದ 73 ವರ್ಷಗಳ ಬಳಿಕ. ಜನರ ನಂಬಿಕೆಯನ್ನು ಗಳಿಸಿಕೊಟ್ಟವರಿಗೇ ಸಂಸ್ಥೆಯೊಳಗೆ ಸ್ಥಾನ ದೊರೆಯಲು ಇಷ್ಟು ತಡವಾಯಿತು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು, ಸುಬ್ಬರಾವ್ ಪೈಗಳ ಫಂಡಿನಿಂದ ಬೆಳೆದ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 2025ರಲ್ಲಿ ಕಿರುಸಾಲಗಳ ವಸೂಲಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮನೆಬಾಗಿಲಿಗೆ ಹಣದ ಮನುಷ್ಯ ಬರುವುದು ಈಗಲೂ ನಿಂತಿಲ್ಲ. 1928ರಲ್ಲಿ ಅವನು ಮೊದಲು ಬಂದದ್ದು ಠೇವಣಿಯನ್ನು ಬರೆದುಕೊಳ್ಳಲು. ಈಗ ಅನೇಕ ಬಾಗಿಲುಗಳಲ್ಲಿ ಅವನು ಬರುವುದು ಸಾಲದ ಕಂತನ್ನು ಕೇಳಲು.