ಶಾಸನ ಪಿತಾಮಹ ಬಿ.ಎಲ್. ರೈಸ್ ಮತ್ತು ತುಮಕೂರು ಜಿಲ್ಲೆಯ ಪ್ರಾಚೀನ ಚರಿತ್ರೆ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆಯ ಅನೇಕ ಊರುಗಳಲ್ಲಿ ಪ್ರಾಚೀನ ದೇವಾಲಯಗಳೂ ಶಿಲಾಶಾಸನಗಳೂ ಉಳಿದುಬಂದಿವೆ. ಇವುಗಳನ್ನು ಯಾರು ಕಟ್ಟಿಸಿದರು, ಯಾವ ಉದ್ದೇಶದಿಂದ ಕಟ್ಟಿಸಿದರು ಎಂಬ ಸಂಗತಿ ಕಾಲಕ್ರಮದಲ್ಲಿ ಮರೆತುಹೋಗಿ, ಹಲವೆಡೆ ಐತಿಹ್ಯಗಳು ಮಾತ್ರ ಉಳಿದಿದ್ದವು. ಹಳಗನ್ನಡದ ಲಿಪಿಯನ್ನು ಓದಿಸಿ, ಈ ಊರುಗಳಿಗೆ ಅವುಗಳ ಚರಿತ್ರೆಯನ್ನು ಮರಳಿ ದೊರಕಿಸಿಕೊಟ್ಟವರಲ್ಲಿ ಬೆಂಜಮಿನ್ ಲೂಯಿಸ್ ರೈಸ್ ಅಗ್ರಗಣ್ಯರು.

ಜನನ ಮತ್ತು ವೃತ್ತಿಜೀವನ

ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳಾಗಿದ್ದು, ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿದ ಮಗನು 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಸೇವೆಗೆ ಸೇರಿದರು. ಮುಂದೆ ಶಾಲೆಗಳ ತನಿಖಾಧಿಕಾರಿಯಾಗಿ, ಆನಂತರ ಮೈಸೂರು ಮತ್ತು ಕೊಡಗು ಪ್ರಾಂತಗಳ ವಿದ್ಯಾ ಇಲಾಖೆಯ ನಿರ್ದೇಶಕರಾಗಿ ಕಾರ್ಯ ನಿರ್ವಹಿಸಿದರು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕೆಂಬ 1868ರ ಯೋಜನೆ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಅವರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ 1876-77ರಲ್ಲಿ ಪ್ರಕಟವಾಗಿ, 1897ರಲ್ಲಿ ಪರಿಷ್ಕೃತಗೊಂಡಿತು.

ಶಾಸನಗಳ ಸಂಗ್ರಹ

ಮೇಜರ್ ಡಿಕ್ಸನ್ ಅವರು 1865ರಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರಿಗೆ ಬಂದಿತು. ಇದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳ ಸಂಪುಟ ಹೊರಬಂದಿತು. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪುರಾತತ್ವ ಇಲಾಖೆ ಸ್ಥಾಪನೆಯಾದಾಗ ಅದರ ನೇತೃತ್ವವನ್ನೂ ಅವರೇ ವಹಿಸಿಕೊಂಡರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಅವರು ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದುದು ದೇಶದ ಚರಿತ್ರೆಯಲ್ಲೇ ಮಹತ್ವದ ಘಟನೆ.

ಇಲಾಖೆಯ ಪಂಡಿತರು ತಾಲ್ಲೂಕು ತಾಲ್ಲೂಕುಗಳನ್ನು ಸುತ್ತಿ ಶಾಸನಗಳನ್ನು ಪ್ರತಿ ಮಾಡಿಕೊಂಡರು. ಹೀಗೆ ಸಂಗ್ರಹಿಸಿದ 8,869 ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹೆಸರಿನ 12 ಸಂಪುಟಗಳಲ್ಲಿ ಅಚ್ಚಾದವು. ಕೊಡಗಿನ ಶಾಸನಗಳ ಮೊದಲ ಸಂಪುಟ 1886ರಲ್ಲಿಯೂ ತುಮಕೂರು ಜಿಲ್ಲೆಯ 12ನೆಯ ಸಂಪುಟ 1904ರಲ್ಲಿಯೂ ಪ್ರಕಟವಾದವು.

ಹುಳಿಯಾರು ಮತ್ತು ಕೈದಾಳ

ಇಂದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾಗಿರುವ ಹುಳಿಯಾರು, ಹೊಯ್ಸಳರ ಕಾಲದಲ್ಲಿ ಹುಳಿಯೇರಪುರವೆಂಬ ಹೆಸರಿನಿಂದ ಸಾಮಂತರ ರಾಜಧಾನಿಯಾಗಿತ್ತೆಂಬುದು ಶಾಸನಗಳಿಂದ ತಿಳಿದುಬರುತ್ತದೆ. ಇಲ್ಲಿ ಆಳಿದ ಗೋವಿದೇವನೆಂಬ ಮಹಾಸಾಮಂತನು 12ನೆಯ ಶತಮಾನದ ನಡುಭಾಗದಲ್ಲಿ, ತೀರಿಹೋದ ತನ್ನ ಪತ್ನಿ ಮಹಾದೇವಿ ನಾಯಕಿತಿಯ ನೆನಪಿಗಾಗಿ ಸಮೀಪದ ಹೆಗ್ಗೆರೆಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಶಾಸನವನ್ನು ಓದದೆ ಹೋಗಿದ್ದರೆ ಆ ಬಸದಿ ಹೊಯ್ಸಳ ಶೈಲಿಯ ಒಂದು ಸುಂದರ ಕಟ್ಟಡವಾಗಿ ಮಾತ್ರ ಉಳಿಯುತ್ತಿತ್ತು. ಅದರ ಹಿಂದಿನ ದುಃಖವೂ ಆ ಹೆಣ್ಣುಮಗಳ ಹೆಸರೂ ಅಳಿದುಹೋಗುತ್ತಿದ್ದವು.

ತುಮಕೂರಿಗೆ ಸಮೀಪದ ಕೈದಾಳವು ಇನ್ನೊಂದು ನಿದರ್ಶನ. ಅಲ್ಲಿಯ ದೇವಾಲಯವನ್ನು ಜನರು ಅಮರಶಿಲ್ಪಿ ಜಕಣಾಚಾರಿಯ ಕಥೆಯೊಂದಿಗೆ ಸ್ಮರಿಸುತ್ತಾರೆ. ಅದೇ ಊರಿನ ಶಾಸನವು ಬಾಚಿ ಎಂಬ ಸಾಮಂತನು ಶಿವ, ವಿಷ್ಣು ಮತ್ತು ಜಿನರಿಗೆ ಆಲಯಗಳನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ಐತಿಹ್ಯವು ಶಿಲ್ಪಿಯನ್ನು ನೆನೆದರೆ, ಶಾಸನವು ದಾನಿಯನ್ನೂ ಅವನ ಕಾಲದ ಮತಸಹಿಷ್ಣುತೆಯನ್ನೂ ಪರಿಚಯಿಸುತ್ತದೆ.

ಮಿತಿಗಳು ಮತ್ತು ಮುಂದುವರಿಕೆ

ರೈಸ್ ಅವರ ಎಲ್ಲ ನಿರ್ಣಯಗಳೂ ನಿಲ್ಲಲಿಲ್ಲ. ಅವರು ಪ್ರಮಾಣವೆಂದು ಸ್ವೀಕರಿಸಿದ ಗಂಗರ ಹಲವು ತಾಮ್ರಶಾಸನಗಳನ್ನು ಜೆ.ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ವಾದಿಸಿದರು. ರೈಸ್ ಅವರ ಗಮನ ಬರಹದ ಕಡೆಗೆ ಹೆಚ್ಚಾಗಿದ್ದು, ಕಟ್ಟಡದ ವಿನ್ಯಾಸ ಮತ್ತು ಶಿಲ್ಪಗಳ ವಿವರವಾದ ಅಧ್ಯಯನವನ್ನು ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು ಕೈಗೊಂಡರು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ದೇವಾಲಯದಲ್ಲಿ ಹೊನೋಜನೆಂಬ ಶಿಲ್ಪಿಯ ಹೆಸರು ಕಾಣಸಿಗುವಂತೆ, ಶಾಸನ ಮತ್ತು ಶಿಲ್ಪಗಳನ್ನು ಒಟ್ಟಿಗೆ ನೋಡಿದಾಗಲೇ ಸ್ಮಾರಕದ ಪೂರ್ಣ ಚರಿತ್ರೆ ತಿಳಿಯುತ್ತದೆ.

ರೈಸ್ ಅವರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ನಿರೂಪಿಸುವ ಅವರ ಗ್ರಂಥ 1909ರಲ್ಲಿ ಹೊರಬಂದಿತು. 1927ರಲ್ಲಿ ಅವರು ನಿಧನ ಹೊಂದಿದರು. ಅವರ ಸಂಪುಟಗಳ ಪರಿಷ್ಕರಣ ಕಾರ್ಯವನ್ನು ಮೈಸೂರು ವಿಶ್ವವಿದ್ಯಾನಿಲಯವು ಕೈಗೆತ್ತಿಕೊಂಡು, 1972ರಿಂದ ಹೊಸ ಆವೃತ್ತಿಯ ಪ್ರಕಟಣೆ ಆರಂಭವಾಯಿತು.

ಸಾರ್ವಜನಿಕರ ಗಮನಕ್ಕೆ

ಕಲ್ಲಿನ ಮೇಲಿನ ಅಕ್ಷರ ಒಮ್ಮೆ ಸವೆದರೆ ಮತ್ತೆ ದೊರೆಯುವುದಿಲ್ಲ. ಆದುದರಿಂದ ತಮ್ಮ ಊರಿನ ಶಾಸನ, ವೀರಗಲ್ಲು ಮತ್ತು ಮಾಸ್ತಿಕಲ್ಲುಗಳಿಗೆ ಸುಣ್ಣ-ಬಣ್ಣ ಬಳಿಯದೆ, ದೇವಾಲಯದ ಜೀರ್ಣೋದ್ಧಾರ ಅಥವಾ ಕೆರೆ ಏರಿಯ ಕಾಮಗಾರಿಯ ಸಂದರ್ಭದಲ್ಲಿ ಅವುಗಳನ್ನು ಒಡೆಯದೆ ರಕ್ಷಿಸಬೇಕು. ಹೊಸದಾಗಿ ಶಾಸನಗಳು ಕಂಡುಬಂದಲ್ಲಿ ಸ್ಥಳದಿಂದ ಕದಲಿಸದೆ ಪುರಾತತ್ವ ಇಲಾಖೆಯ ಗಮನಕ್ಕೆ ತರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವಾಗಿದೆ.